ಮುಯ್ಯಿಗೆ ಹೋದ ಎರಡು ಕಂತು

ಲಿಂಗಪ್ಪನ್ ಲಾರಿ ಓಡಿಸಲು ಕಲಿತದ್ದು ಯುದ್ಧದ ಕಾಲದಲ್ಲಿ, ಸೂಲೂರಿನ ಹತ್ತಿರ ವಿಮಾನ ಇಳಿಯುವ ಬಯಲಿಗೆ ಜಲ್ಲಿ ಹೊಡೆಯುತ್ತಿದ್ದ ಒಂದು ಹಳೆಯ ಗಾಡಿಯ ಮೇಲೆ. ಕ್ಲೀನರ್ ಆಗಿ ಸೇರಿದವನು ಎರಡು ವರ್ಷ ತುಂಬುವಷ್ಟರಲ್ಲಿ ಡ್ರೈವರ್ ಆದ. ಮಡತ್ತುಕುಳದ ಅವನ ಮನೆಯವರಿಗೆ ಇದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಸುದ್ದಿಯಾಗಿರಲಿಲ್ಲ. ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಇಳಿದು ಬಂದು, ಅಮರಾವತಿ ಹೊಳೆಯ ಬದಿಯಲ್ಲಿ ಗದ್ದೆ ಮಾಡಿಕೊಂಡು ನಿಂತ ಒಕ್ಕಲು ಮನೆತನ ಅದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಉಳುವವನಿಗೇ ಮರ್ಯಾದೆ, ಮಿಕ್ಕವರೆಲ್ಲ ಕೂಲಿಯವರು ಎಂಬ ತೀರ್ಮಾನವನ್ನು ಮಾತ್ರ ಅವರು ಎರಡೂ ಭಾಷೆಯಲ್ಲಿ ತಪ್ಪದೆ ಹೇಳುತ್ತಿದ್ದರು.

ಅಪ್ಪ ತೀರಿದ ಮೇಲೆ ಲಿಂಗಪ್ಪನ್ ತನ್ನ ಪಾಲಿನ ಗದ್ದೆಯನ್ನು ಅಣ್ಣನಿಗೇ ಬಿಟ್ಟುಕೊಟ್ಟು, ಅವನು ಕೊಟ್ಟಷ್ಟು ಹಣ ಎಣಿಸಿಕೊಂಡು ಬಂದ. ಅಣ್ಣ ಕೊಟ್ಟದ್ದು ಕಡಿಮೆಯೇ. ಆದರೂ ತಮ್ಮ ನೆಲ ಮಾರಿ ಚಕ್ರ ಕೊಂಡ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಆ ಅಣ್ಣನೇ. ನೆಂಟರ ಮನೆಗಳಲ್ಲಿ ಲಿಂಗಪ್ಪನ್‌ಗೆ ಹೆಸರೇ ಹೋಯಿತು. "ಡ್ರೈವರ್ ಬಂದ, ಎಲೆ ಹಾಕ್ರಪ್ಪಾ" ಎನ್ನುವರು. ಎಲೆ ಹಾಕುವುದೂ ಕೊನೆಯ ಪಂಕ್ತಿಯಲ್ಲಿ. ಅವನು ನಗುತ್ತ ಉಣ್ಣುತ್ತಿದ್ದ. ಅವನ ಹೆಂಡತಿ ಪಾಪಾತಿಗೆ ಮಾತ್ರ ಆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದವಳಿಗೆ ನೆಂಟರ ಮನೆಯಲ್ಲಿ ಕೊನೆಯ ಪಂಕ್ತಿಯ ಜೊತೆಗೆ ಇನ್ನೂ ಏನೇನು ಸಿಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗದ್ದೆಯ ಹಣ ಲಾರಿಗೆ ಸಾಲಲಿಲ್ಲ. ಆಗ ಕೈ ಹಿಡಿದವರು ತಿರುಪ್ಪೂರಿನ ಸುಬ್ಬಯ್ಯನ್. ಅವರೂ ನಮ್ಮ ಮಾತಿನವರೇ, ಪಾಪಾತಿಗೆ ದೂರದ ಸಂಬಂಧದಲ್ಲಿ ಅಣ್ಣ. ಹತ್ತಿಯಿಂದ ಬೀಜ ಬಿಡಿಸುವ ಗಿರಣಿ ಇಟ್ಟಿದ್ದರು. ಅದರ ಮಗ್ಗುಲಿನ ಕೋಣೆಯಲ್ಲಿ ಬಸ್ಸು, ಲಾರಿ ಕೊಳ್ಳುವವರಿಗೆ ಕಂತಿನ ಮೇಲೆ ಸಾಲ ಕೊಡುವ ವ್ಯವಹಾರ. ಕಾಗದದಲ್ಲಿ ಅದಕ್ಕೆ ಸಾಲ ಎಂಬ ಹೆಸರಿಲ್ಲ, ಬಾಡಿಗೆ ಎಂಬ ಹೆಸರು. ಕೊನೆಯ ಕಂತು ತೀರುವ ತನಕ ಗಾಡಿ ಸುಬ್ಬಯ್ಯನ್‌ದು, ಓಡಿಸುವವನು ಬಾಡಿಗೆದಾರ, ಎರಡು ಕಂತು ಒಟ್ಟಿಗೆ ತಪ್ಪಿದರೆ ಗಾಡಿ ಹಿಡಿದುಕೊಂಡು ಹೋಗಬಹುದು. ಲಿಂಗಪ್ಪನ್ ಹೆಬ್ಬೆರಳು ಒತ್ತಲಿಲ್ಲ, ತಮಿಳಿನಲ್ಲಿ ಉದ್ದಕ್ಕೆ ಸಹಿಯನ್ನೇ ಹಾಕಿದ. ಓದಿಕೊಂಡು ಹಾಕಿದನೇ ಎಂದು ಕೇಳಬೇಡಿ. ಎದುರಿಗೆ ಹೊಸ ಹಸಿರು ಬಣ್ಣ ಬಳಿದ ಲಾರಿ ನಿಂತಿರುವಾಗ ಯಾವ ಗಂಡಸು ಕಾಗದ ಓದುತ್ತಾನೆ?

ಎರಡು ವರ್ಷ ಆ ಲಾರಿ ಅವನನ್ನೂ ಅವನು ಅದನ್ನೂ ಚೆನ್ನಾಗಿಯೇ ನೋಡಿಕೊಂಡರು. ಮಡತ್ತುಕುಳದಿಂದ ಬೆಲ್ಲ, ಭತ್ತ. ತಿರುಪ್ಪೂರಿನಿಂದ ಹತ್ತಿಯ ಬೇಲು. ತಿಂಗಳಿಗೆ ನೂರೈವತ್ತರ ಕಂತನ್ನು ಗಿರಣಿಯ ಗುಮಾಸ್ತ ಮುತ್ತುಸಾಮಿಯ ಕೈಗೆ ತಾನೇ ಹೋಗಿ ಕೊಟ್ಟು ಬರುತ್ತಿದ್ದ. ರಸೀದಿ ಕೇಳಿದವನಲ್ಲ. ನೆಂಟರ ಹತ್ತಿರ ರಸೀದಿ ಕೇಳುವುದು ಎಂದರೆ ಮುಖಕ್ಕೆ ಹೊಡೆದ ಹಾಗೆ ಎಂದು ಅವನ ಎಣಿಕೆ. ಮುತ್ತುಸಾಮಿಯೂ ನೇರ ಮನುಷ್ಯ, ಒಂದು ಕಾಸು ಆಚೀಚೆ ಮಾಡಿದವನಲ್ಲ. ಮುಕ್ಕಾಲು ಪಾಲು ಸಾಲ ತೀರಿತ್ತು. ಸಂಜೆ ಲಾರಿಯ ಸದ್ದು ಕಾಲುವೆಯ ಸೇತುವೆ ಹತ್ತಿದ ಕೂಡಲೇ ಪಾಪಾತಿ ಬಾಗಿಲಿಗೆ ಬಂದು ನಿಲ್ಲುವಳು. ನೋಡಿದವರು ಹೊಸದಾಗಿ ಮದುವೆಯಾದವಳು ಎಂದುಕೊಳ್ಳಬೇಕು, ಹಾಗೆ.

ಐವತ್ತೈದನೇ ಇಸವಿಯ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಸುಬ್ಬಯ್ಯನ್ ಮಗಳ ಮದುವೆ ಬಂತು. ಅದರ ಹಿಂದಿನ ತಿಂಗಳಲ್ಲೇ ಲಾರಿಯ ಎಂಜಿನ್ ಕೆಟ್ಟು, ಕೊಯಮತ್ತೂರಿನ ವರ್ಕ್‌ಶಾಪಿನಲ್ಲಿ ಮಲಗಿ, ಒಂದು ಕಂತು ತಪ್ಪಿತ್ತು. ಎರಡನೆಯದರ ಗಡುವೂ ಮದುವೆಯ ದಿನಕ್ಕೇ ಬಂದು ಕೂತಿತು. ಲಿಂಗಪ್ಪನ್ ಅಲ್ಲಿ ಇಲ್ಲಿ ಓಡಾಡಿ ಮುನ್ನೂರು ರೂಪಾಯಿ ಕೂಡಿಸಿ, ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು, ರಿಪೇರಿಯಾಗಿ ಬಂದ ಲಾರಿಯಲ್ಲೇ ಹೆಂಡತಿಯನ್ನು ಕರೆದುಕೊಂಡು ತಿರುಪ್ಪೂರಿಗೆ ಹೊರಟ. ಗಿರಣಿಯಲ್ಲಿ ಕಂತು ಕಟ್ಟಿ ಆಮೇಲೆ ಮದುವೆಯ ಊಟ ಎಂದು ಅವನ ಲೆಕ್ಕ. ಈ ವಿಷಯವನ್ನೆಲ್ಲ ಪಾಪಾತಿಗೆ ಹೇಳುವ ರೂಢಿ ಅವನಿಗಿರಲಿಲ್ಲ. ಕಂತು ತಪ್ಪಿದ್ದೂ ಅವಳಿಗೆ ಗೊತ್ತಿರಲಿಲ್ಲ.

ಗಿರಣಿಗೆ ಬೀಗ. ಯಜಮಾನರ ಮಗಳ ಮದುವೆಯ ದಿನ ಗಿರಣಿ ಯಾಕೆ ತೆರೆದಿರುತ್ತದೆ? ಚಪ್ಪರಕ್ಕೆ ಬಂದು ನೋಡಿದರೆ ಮುತ್ತುಸಾಮಿ ಅಲ್ಲೇ ಇದ್ದಾನೆ, ಬಾಗಿಲ ಬಳಿ ಮೇಜು ಹಾಕಿಕೊಂಡು ಮುಯ್ಯಿ ಬರೆಯುತ್ತಿದ್ದಾನೆ. ನಮ್ಮವರಲ್ಲಿ ಮುಯ್ಯಿಯೆಂದರೆ, ಆಡುಮಾತಿನಲ್ಲಿ ಮೊಯಿ, ಅದು ಸುಮ್ಮನೆ ಕೊಟ್ಟು ಮರೆಯುವ ಉಡುಗೊರೆಯಲ್ಲ. ಕೊಟ್ಟವರ ಊರು, ಹೆಸರು, ಮೊತ್ತ ಎಲ್ಲವನ್ನೂ ಸಭೆಗೆ ಕೇಳುವ ಹಾಗೆ ಕೂಗಿ ಓದಿಸುತ್ತಾರೆ. ತೆಗೆದುಕೊಂಡವನು, ಕೊಟ್ಟವನ ಮನೆಯಲ್ಲಿ ಮದುವೆಯೋ ಕಿವಿ ಚುಚ್ಚುವ ಶಾಸ್ತ್ರವೋ ನಡೆದ ದಿನ ಒಂದು ರೂಪಾಯಿ ಮೇಲೆ ಸೇರಿಸಿ ಹಿಂದಕ್ಕೆ ಓದಿಸಬೇಕು. ಒಂದು ರೂಪಾಯಿ ಓದಿಸುವವರೇ ಹೆಚ್ಚು. ಐದು ಓದಿಸಿದರೆ ದೊಡ್ಡ ಕೈ. ಸುಬ್ಬಯ್ಯನ್ ಆ ವರ್ಷ ಬಾಡಿಗೆಗೆ ಮೈಕ್ ಬೇರೆ ತರಿಸಿದ್ದರು.

ಮನೆಯಲ್ಲಿ ಅಕ್ಕಿ ಮುಗಿದರೂ 'ಮುಗಿಯಿತು' ಎನ್ನದೆ 'ತುಂಬಿದೆ' ಎನ್ನುವ ಜನ ನಾವು. ಮದುವೆಯ ಚಪ್ಪರದಲ್ಲಿ ನಿಂತು ಸಾಲ, ಕಂತು, ಬಾಕಿ ಎಂಬ ಮಾತು ಬಾಯಿಂದ ಬರುವುದುಂಟೇ? ಬಂದರೆ ಆ ಹೆಣ್ಣಿನ ಬಾಳಿಗೆ ಅದು ತಟ್ಟುತ್ತದೆ ಎಂದು ಲಿಂಗಪ್ಪನ್ ಮನಸಾರೆ ನಂಬಿದ್ದ. ಆದರೆ ಗಡುವು ಇಂದೇ. ಕಂತು ತೆಗೆದುಕೊಳ್ಳುವ ಕೈ ಎದುರಿಗೇ ಇದೆ. ಹೇಳದಿದ್ದರೂ ಮುತ್ತುಸಾಮಿಗೆ ತಿಳಿಯದೇ ಇರುತ್ತದೆಯೇ, ತಿಂಗಳು ತಿಂಗಳೂ ತೆಗೆದುಕೊಂಡವನಲ್ಲವೇ ಎಂದುಕೊಂಡ. ಹಿಂದಿನಿಂದ ಜನ ನೂಕುತ್ತಿದ್ದರು. ನೋಟಿನ ಕಟ್ಟನ್ನು ಮೇಜಿನ ಮೇಲಿಟ್ಟು, "ಮಡತ್ತುಕುಳಂ ಲಿಂಗಪ್ಪನ್" ಎಂದಷ್ಟೇ ಹೇಳಿದ. ಬೆಳಗಿನಿಂದ ಮುಯ್ಯಿ ಬರೆದು ಬರೆದು ಕತ್ತು ನೋಯಿಸಿಕೊಂಡಿದ್ದ ಮುತ್ತುಸಾಮಿ ಎಣಿಸಿದ, ಹುಬ್ಬೇರಿಸಿದ, ಮೈಕ್ ಹಿಡಿದಿದ್ದ ಪಕ್ಕದವನ ಕಿವಿಯಲ್ಲಿ ಹೇಳಿದ.

"ಮಡತ್ತುಕುಳಂ ಲಿಂಗಪ್ಪನ್, ರೂಪಾಯ್ ಮುನ್ನೂರು!"

ಚಪ್ಪರವೇ ತಿರುಗಿತು. ಉಣ್ಣುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಸೂಲೂರಿನಿಂದ ಬಂದಿದ್ದ ಬೀಗರು ಯಾರಪ್ಪಾ ಅದು ಎಂದು ಪಕ್ಕದವರನ್ನು ಕೇಳಿದರು. ಎರಡು ರೂಪಾಯಿ ಓದಿಸಿ ಮುಂದಿನ ಸಾಲಿನಲ್ಲಿ ಕೂತಿದ್ದ ಅಣ್ಣನ ಮುಖದಲ್ಲಿ ರಕ್ತವಿರಲಿಲ್ಲ. ಲಿಂಗಪ್ಪನ್ ಬಾಯಿ ತೆರೆದ. ಅಯ್ಯೋ ಇದು ಅದಲ್ಲ ಎನ್ನಲು ತೆರೆದ ಬಾಯಿ ಅದು, ಆದರೆ ಕೂಗಿದ ಹೆಸರು ಇನ್ನೂ ಕಿವಿಯಲ್ಲಿತ್ತು, ಮಾತು ತಡೆಯಿತು. ಅಷ್ಟರಲ್ಲಿ ಹೆಂಗಸರ ಕಡೆ ಪಾಪಾತಿ ಎದ್ದು ನಿಂತದ್ದು ಕಂಡಿತು. ಅವಳ ಅಕ್ಕಪಕ್ಕದವರು ಜರುಗಿ ಅವಳಿಗೆ ಜಾಗ ಕೊಡುತ್ತಿದ್ದರು. ಯಾರೋ ಕೂಗಿ ಹೇಳಿದರು: "ಲಿಂಗಪ್ಪಣ್ಣಾ, ಈ ಪಂಕ್ತೀಲೇ ಬಾ, ಇಲ್ಲಿ ಕೂತ್ಕೋ!" ಅವನು ಬಾಯಿ ಮುಚ್ಚಿಕೊಂಡು ಸಭೆಗೆ ಕೈ ಮುಗಿದ. ಅಷ್ಟೇ ಅವನು ಮಾಡಿದ್ದು.

ಹಿಂದಿರುಗುವಾಗ ಲಾರಿಯಲ್ಲಿ ಪಾಪಾತಿ ಕೇಳಿದಳು: "ಅಷ್ಟೊಂದು ಮೊಯಿ ಓದಿಸ್ಬಿಟ್ರಲ್ಲಾ, ನಂಗೊಂದ್ ಮಾತು ಹೇಳ್ಬಾರ್ದಿತ್ತಾ?" ಆ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಇನ್ನೊಂದು ಸಲ ಕೇಳಿಸಿಕೊಳ್ಳುವ ಆಸೆ ಇತ್ತು. "ಹೂಂ, ಮೊಯಿನೇ. ನಾವೂ ಮನುಷ್ರೇ ಅಂತ ಅವ್ರಿಗೂ ಗೊತ್ತಾಗ್ಲಿ" ಎಂದ ಲಿಂಗಪ್ಪನ್. ಸೋಮವಾರ ಗಿರಣಿಗೆ ಹೋಗಿ ಸದ್ದಿಲ್ಲದೆ ಸರಿಪಡಿಸಿಕೊಂಡರಾಯಿತು, ಇವಳ ಸಂತೋಷ ಇವಳಿಗಿರಲಿ ಎಂದು ಅವನ ಲೆಕ್ಕ. ಬಡವರ ಲೆಕ್ಕಗಳಲ್ಲಿ ಯಾವಾಗಲೂ ಒಂದು ಸೋಮವಾರ ಇರುತ್ತದೆ.

ಸೋಮವಾರ ಮುತ್ತುಸಾಮಿ ಕೈ ಚೆಲ್ಲಿದ. ಸಭೆಯಲ್ಲಿ ಓದಿಸಿದ್ದನ್ನು ತಾನು ಹೇಗೆ ತೆಗೆದು ಬೇರೆ ಲೆಕ್ಕಕ್ಕೆ ಹಾಕಲಿ, ಯಜಮಾನರನ್ನೇ ಕೇಳು ಎಂದ. ಯಜಮಾನರು ಬೀಗರ ಊರಿಗೆ ಹೋಗಿದ್ದರು. ಅವರು ಸಿಕ್ಕಿದಾಗ ಲಿಂಗಪ್ಪನ್ ನಿಂತುಕೊಂಡೇ ಎಲ್ಲ ಹೇಳಿದ. ಸುಬ್ಬಯ್ಯನ್ ಮೊದಲು ನಕ್ಕರು. ಆಮೇಲೆ ನಗು ನಿಂತಿತು.

"ಏನಪ್ಪಾ ಹಿಂಗಂತೀಯ? ಸೂಲೂರು ಬೀಗರು ನನ್ನತ್ರ ಏನಂದ್ರು ಗೊತ್ತಾ? ನಿಮ್ ಕಡೆ ಲಾರಿ ಓಡ್ಸೋರೇ ಮುನ್ನೂರು ಓದಿಸ್ತಾರಲ್ಲಾ ಅಂದ್ರು. ಅದು ಮೊಯಿ ಅಲ್ಲ, ಬಾಕಿ ದುಡ್ಡು, ಚಪ್ಪರದಲ್ಲಿ ವಸೂಲ್ ಮಾಡ್ದೆ ಅಂತ ಈಗ ಹೇಳ್ಲಾ? ನನ್ ಮಗಳು ಆ ಮನೇಲಿ ಬಾಳ್ಬೇಕು."

"ಯಾರಿಗೂ ಹೇಳ್ಬೇಡಿ ಭಾವಾ. ಲೆಕ್ಕದಲ್ಲಿ ಮಾತ್ರ..."

"ಮೊಯಿ ನನ್ ಮೇಲಿರೋ ಕಡನ್, ಸಾಲಾನೇ. ನಾನು ಇಲ್ಲ ಅಂತೀನಾ? ನಿನ್ ಮನೇಲಿ ಒಂದು ಒಳ್ಳೇದು ನಡೀಲಿ, ಮುನ್ನೂರೊಂದಾಗಿ ನಾನೇ ಬಂದು ಓದಿಸ್ತೀನಿ."

ಹೇಳಿದ ಮೇಲೆ ಸುಬ್ಬಯ್ಯನ್‌ಗೇ ತಾನು ಏನು ಹೇಳಿದೆನೆಂದು ತಿಳಿಯಿತು. ಲಿಂಗಪ್ಪನ್ ಮನೆಯಲ್ಲಿ ಯಾರಿಗೆ ಮದುವೆ, ಯಾರಿಗೆ ಕಿವಿ ಚುಚ್ಚುವುದು? ಅವರು ಕಿಟಕಿಯ ಕಡೆ ನೋಡಿದರು. ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಇವರನ್ನು ಕೆಟ್ಟವರೆನ್ನಲು ನನಗೆ ಬಾಯಿ ಬರುವುದಿಲ್ಲ, ಒಳ್ಳೆಯವರೆನ್ನಲೂ ಬರುವುದಿಲ್ಲ. ಮಾನ ಮತ್ತು ಮುನ್ನೂರು ರೂಪಾಯಿ ಎರಡೂ ಒಂದೇ ಕಡೆ ಉಳಿಯುವುದಾದರೆ ಯಾವ ದೊಡ್ಡ ಮನುಷ್ಯ ಬೇಡವೆಂದಾನು? ಮುಂದಿನ ತಿಂಗಳು ಉಡುಮಲೈ ಸಂತೆಯಲ್ಲಿ ಬೆಲ್ಲದ ಮೂಟೆ ಇಳಿಸುತ್ತಿದ್ದಾಗಲೇ ಗಿರಣಿಯ ಆಳುಗಳು ಬಂದು ಲಾರಿ ಹತ್ತಿಕೊಂಡು ಹೋದರು. ಅರ್ಧದಷ್ಟು ಮೂಟೆಗಳು ಇನ್ನೂ ಮೇಲಿದ್ದವು.

ಪಾಪಾತಿಗೆ ಅವನು, ಎಂಜಿನ್ ರಿಪೇರಿಯಿಂದ ಕಂತು ತಪ್ಪಿತು, ಅದಕ್ಕೆ ಹಿಡಿದರು, ದೊಡ್ಡವರು ಮಾತಾಡಿ ಬಿಡಿಸಿ ಕೊಡುತ್ತಾರೆ ಎಂದ. ಅವಳು ಅಳಲಿಲ್ಲ. "ಅಷ್ಟು ಮೊಯಿ ಓದಿಸ್ದೋರ್ ಗಾಡೀನ ಹಿಡಿಯಕ್ಕೆ ಅವ್ರಿಗೆ ಮನಸ್ಸಾದ್ರೂ ಹೆಂಗ್ ಬಂತು?" ಎಂದು ಆಶ್ಚರ್ಯಪಟ್ಟಳು. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಕೊಯಮತ್ತೂರಿನಲ್ಲಿ ಅನಂತಪದ್ಮನಾಭ ಎಂಬ ವಕೀಲರಿದ್ದರು. ಮೂರು ತಲೆಮಾರಿನಿಂದ ಆ ಊರಲ್ಲೇ ಇದ್ದ ಕನ್ನಡದ ಮನೆ. ನಮ್ಮ ಮಾತಿನವರು ಬಂದರೆ ಫೀಸಿನಲ್ಲಿ ಬಿಗಿ ಮಾಡುತ್ತಿರಲಿಲ್ಲ. ಕಾಗದವನ್ನು ಓದಿ ಕನ್ನಡಕ ತೆಗೆದಿಟ್ಟರು.

"ನೋಡಪ್ಪಾ, ಇದರ ಪ್ರಕಾರ ಲಾರಿ ಅವರದು. ಕೋರ್ಟಿಗೆ ಹೋಗೋಣ, ಆದರೆ ವರ್ಷಗಟ್ಟಲೆ ಎಳೀತಾರೆ, ಅಷ್ಟರಲ್ಲಿ ಲಾರಿ ತುಕ್ಕು ಹಿಡಿಯತ್ತೆ. ಇಬ್ಬರೂ ಒಂದೇ ಬಳಗ, ನಿಮ್ಮ ಹಿರಿಯರೇ ಕೂತು ಹೇಳಿದರೆ ಅವರು ಮೀರೋದಿಲ್ಲ. ಕೊಡೋಕೆ ಮುಂಚೆ ಈ ಹಣ ಕಂತಿಗೆ ಅಂತ ಯಾರಿಗಾದರೂ ಹೇಳಿದ್ದೆಯಾ?"

ಲಿಂಗಪ್ಪನ್ ತಡವರಿಸಿದ. ಆಮೇಲೆ, "ಮನೇಲಿ ಹೇಳಿದ್ದೆ ಸಾಮಿ" ಎಂದ.

"ಸಾಕಲ್ಲ! ಆಕೆ ಬಂದು ಅಷ್ಟೇ ಹೇಳಲಿ."

ಇಲ್ಲದ್ದನ್ನು ಹೇಳಿದರೂ ಮನೆಗೆ ಹೋಗಿ ಪಾಪಾತಿಗೆ ತಿಳಿಸಿಬಿಟ್ಟರೆ ಅದು ಇದ್ದದ್ದೇ ಆಗುತ್ತದೆ ಎಂದುಕೊಂಡ. ಹಿರಿಯರು ಸೇರುವ ದಿನದವರೆಗೂ ಅವನಿಗೆ ಬೇಕಾದಷ್ಟು ಹೊತ್ತು ಇತ್ತು. ಒಂದು ದಿನ ಹೇಳಲು ಹೋದ, ಅವಳು ಬಾವಿಕಟ್ಟೆಯಲ್ಲಿ ಯಾರಿಗೋ ಮೈಕಿನ ಕಥೆ ಹೇಳುತ್ತಿದ್ದಳು. ಇನ್ನೊಂದು ದಿನ ಊಟಕ್ಕೆ ಕೂತಾಗ ಬಾಯಿ ತೆರೆದ, ಅನ್ನ ಕೇಳುತ್ತಿದ್ದಾನೆಂದು ಅವಳು ಇನ್ನೊಂದು ಹಿಡಿ ಬಡಿಸಿದಳು. ಕೊನೆಗೆ ಬಸ್ಸಿನಲ್ಲಿ ತಿರುಪ್ಪೂರಿಗೆ ಹೋಗುವಾಗ ಹೇಳಲೇಬೇಕೆಂದು ಗಟ್ಟಿ ಮಾಡಿಕೊಂಡ. ಪಾಪಾತಿ ಮದುವೆಗೆ ಉಟ್ಟಿದ್ದ ಸೀರೆಯನ್ನೇ ಉಟ್ಟಿದ್ದಳು. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ, "ನಮ್ಮನೆಯವ್ರು ಮೊನ್ನೆ ತೈ ತಿಂಗ್ಳಲ್ಲಿ ಒಂದು ಮದ್ವೇಲಿ..." ಎಂದು ತಮಿಳಿನಲ್ಲಿ ಶುರು ಮಾಡಿದಳು. ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ಏನು ಜನ್ಮವಪ್ಪಾ ಗಂಡಸಿನದು! ಎಂಟು ಟನ್ ಹೇರಿಕೊಂಡು ಘಾಟಿ ಇಳಿಸುವವನಿಗೆ ಹೆಂಡತಿಯ ಮುಂದೆ ಒಂದು ಮಾತು ಇಳಿಸಲು ಆಗಲಿಲ್ಲ.

ಗಿರಣಿಯ ಅಂಗಳದಲ್ಲಿ ಜಮಖಾನ ಹಾಸಿತ್ತು. ವೆಳ್ಳಕೋಯಿಲಿನಿಂದ ಬಂದಿದ್ದ ಎಲ್ಲರಿಗಿಂತ ಹಿರಿಯರೊಬ್ಬರು ನಡುವೆ ಕೂತಿದ್ದರು. ಹಸಿರು ಲಾರಿ ಅದೇ ಅಂಗಳದ ಮೂಲೆಯಲ್ಲಿ ನಿಂತಿತ್ತು. ಲಿಂಗಪ್ಪನ್ ಅತ್ತ ನೋಡದಿರಲು ಪ್ರಯತ್ನಪಟ್ಟ. ಅವನ ಮಾತು, ಸುಬ್ಬಯ್ಯನ್ ಮಾತು ಕೇಳಿ ಮುಗಿಯುವವರೆಗೆ ಪಾಪಾತಿ ಆಚೆ ಮನೆಯೊಳಗೆ ಹೆಂಗಸರ ಜೊತೆ ಇದ್ದಳು. ಆಮೇಲೆ ಅವಳನ್ನು ಕರೆಸಿದರು. ನಡುವೆ ಯಾರೂ ಬಾಯಿ ಹಾಕಬಾರದು ಎಂದು ಹಿರಿಯರು ಮೊದಲೇ ಕಟ್ಟು ಮಾಡಿದರು.

"ಹೆದರ್ಬೇಡ ತಾಯಿ. ಆವತ್ತು ಮದ್ವೇಲಿ ನಿನ್ ಗಂಡ ಮುನ್ನೂರು ಕೊಟ್ಟನಲ್ಲಾ, ಅದು ಏನು ದುಡ್ಡು ಅಂತ ನಿಂಗೆ ಹೇಳ್ದ?"

ಪಾಪಾತಿ ಸೆರಗು ಹೊದ್ದುಕೊಂಡು ಒಂದು ಸುತ್ತು ನೋಡಿದಳು. ಗಂಡನ ಅಣ್ಣ ಇದ್ದ. ಕೊನೆಯ ಪಂಕ್ತಿಗೆ ಕಳಿಸುತ್ತಿದ್ದವರೆಲ್ಲ ಇದ್ದರು. ತನ್ನ ಗಂಡ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ, ಈಗ ಹಿಂದಕ್ಕೆ ಕೇಳುತ್ತಿದ್ದಾನೆ ಎಂದು ಇವರು ಅವನನ್ನು ಹಂಗಿಸುತ್ತಿದ್ದಾರೆ ಎಂದೇ ಅವಳಿಗೆ ತೋರಿತು. ತಲೆ ಎತ್ತಿ ಹೇಳಿದಳು:

"ಮೊಯಿ ಅಂತ್ಲೇ ಹೇಳಿದ್ರು ಅಯ್ಯಾ. ನಾವೂ ಮನುಷ್ರೇ ಅಂತ ನಾಲ್ಕ್ ಜನಕ್ಕೆ ಗೊತ್ತಾಗ್ಲಿ ಅಂತ ಮನಸಾರೆ ಕೊಟ್ರು. ಲಾರಿ ಹೋದ್ರೂ ಹೋಗ್ಲಿ, ಕೊಟ್ಟ ಮೊಯಿ ಹಿಂದಕ್ಕೆ ಕೇಳೋ ಜಾತಿ ಅಲ್ಲ ನನ್ ಗಂಡ."

ಹಿರಿಯರು ನಿಧಾನಕ್ಕೆ ಲಿಂಗಪ್ಪನ್ ಕಡೆ ತಿರುಗಿದರು. "ಏನಪ್ಪಾ, ಇವಳು ಹೇಳ್ತಿರೋದು ಸುಳ್ಳಾ?"

ಸುಳ್ಳು ಹೇಳಿದ್ದು ನಾನು ಎಂದರೆ ಲಾರಿ ಸಿಗುವುದೋ ಇಲ್ಲವೋ, ಅವಳು ಅಷ್ಟು ಜನರ ನಡುವೆ, ಆ ಸೀರೆಯಲ್ಲಿ, ಆ ತಲೆ ಎತ್ತಿದ ಹಾಗೆಯೇ ನಗೆಪಾಟಲಾಗುತ್ತಿದ್ದಳು. ಅವನು ನೆಲ ನೋಡುತ್ತ, "ಸುಳ್ಳಲ್ಲ" ಎಂದ.

ಮುಖ ಎತ್ತಿದಾಗ ಪಾಪಾತಿ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಆ ಕ್ಷಣದಲ್ಲಿ ತಿಳಿಯಿತು. ಏನು ತಿಳಿಯಿತು, ಎಷ್ಟು ತಿಳಿಯಿತು ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮುನ್ನೂರು ಮುಯ್ಯಿಯೇ, ಲಾರಿ ಸುಬ್ಬಯ್ಯನ್‌ದೇ ಎಂದು ಹಿರಿಯರು ಹೇಳಿ ಎದ್ದರು. ಆ ದಿನದಿಂದ ಅವಳು ಬಾವಿಕಟ್ಟೆಯಲ್ಲಾಗಲಿ ಬೇರೆಲ್ಲಾಗಲಿ ಮೈಕಿನ ಕಥೆ ಎತ್ತಲಿಲ್ಲ.

ಸುಬ್ಬಯ್ಯನ್ ಹೇಳಿಕಳಿಸಿದರು, ಬೇಕಾದರೆ ಅದೇ ಲಾರಿಗೆ ಸಂಬಳದ ಡ್ರೈವರ್ ಆಗಿ ಬರಲಿ, ತಿಂಗಳಿಗೆ ಅರವತ್ತು ಎಂದು. ಹೊಟ್ಟೆಗೆ ರೋಷ ಇರುವುದಿಲ್ಲವಲ್ಲ, ಲಿಂಗಪ್ಪನ್ ಹೋದ. ನಾಲ್ಕು ವರ್ಷ ತನ್ನದೇ ಲಾರಿಯನ್ನು ಕೂಲಿಗೆ ಓಡಿಸಿದ. ಅದರ ಬ್ರೇಕಿನ ಹಟ, ಮಳೆಯಲ್ಲಿ ಅದು ಕೆಮ್ಮುವ ರೀತಿ ಎಲ್ಲ ಅವನಿಗೆ ಗೊತ್ತಿತ್ತು. ಈಗ ಅದನ್ನು ಒರೆಸುವ ಕೆಲಸ ಕ್ಲೀನರ್‌ನದು. ಆದರೂ ಯಾರೂ ಇಲ್ಲದಾಗ ತಾನೇ ಒರೆಸುತ್ತಿದ್ದ. ಸರಕು ಇಳಿಸಿ ಮಡತ್ತುಕುಳದ ಮೇಲೆ ಹಾದು ಹೋಗುವಾಗ ಮನೆಯ ಮುಂದೆ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೂ ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಕಾಲುವೆಯ ಸೇತುವೆಯ ಮೇಲೆ ಆ ಸದ್ದು ಕೇಳಿದರೆ ಪಾಪಾತಿ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು. ಮದುವೆಯ ಕರೆಯೋಲೆ ಬಂದರೆ ಅವನೊಬ್ಬನೇ ಹೋಗಿ ಒಂದು ರೂಪಾಯಿ ಓದಿಸಿ ಬರುತ್ತಿದ್ದ. ಪಂಕ್ತಿ ಮತ್ತೆ ಕೊನೆಯದೇ ಆಗಿತ್ತು.

ಐವತ್ತೊಂಬತ್ತರಲ್ಲಿ ಸುಬ್ಬಯ್ಯನ್ ಆ ಲಾರಿಯನ್ನು ಕರೂರಿನ ಒಬ್ಬರಿಗೆ ಮಾರಿದರು. ಕರೂರಿನವರಿಗೆ ತಮ್ಮದೇ ಡ್ರೈವರ್ ಇದ್ದ. ಲಿಂಗಪ್ಪನ್ ಕೀಲಿಕೈ ಕೊಟ್ಟು, ಬಸ್ಸು ಹಿಡಿದು, ಹೊತ್ತು ಮುಳುಗುವ ಮುಂಚೆ ಮನೆಗೆ ಬಂದು ಜಗಲಿಯ ಮೇಲೆ ಕೂತ. ಪಾಪಾತಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಬಂದು ಒಂದು ಚೊಂಬು ನೀರು ಇಟ್ಟಳು. ಅವನು ಸುದ್ದಿ ಹೇಳಿದ. ಅವಳು ಕಂಬಕ್ಕೆ ಒರಗಿ ನಿಂತೇ ಇದ್ದಳು.

"ಆವತ್ತು ಬಸ್ಸಲ್ಲಿ ಒಂದ್ ಮಾತು ಹೇಳಿದ್ರೆ ನಾನು ಸಭೇಲಿ ಹಂಗೇ ಹೇಳ್ತಿದ್ದೆ" ಎಂದಳು. ನಾಲ್ಕು ವರ್ಷದ ಮೇಲೆ ಅವಳು ಈ ವಿಷಯ ಎತ್ತಿದ್ದು ಅದೇ ಮೊದಲು. "ಸುಳ್ಳೇ ಆಗಿದ್ರೂ ಹೇಳ್ತಿದ್ದೆ. ನಿಮ್ಗೋಸ್ಕರ ನಾನು ಒಂದ್ ಸುಳ್ಳು ಹೇಳ್ತಿರ್ಲಿಲ್ವಾ?"

"ಹೆಂಗ್ ಹೇಳ್ಲಿ ಪಾಪಾತಿ? ನಿನ್ ಮೊಕ ನೋಡಿ ಬಾಯೇ ಬರ್ಲಿಲ್ಲ. ಅಷ್ಟು ಸಂತೋಷವಾಗಿದ್ದೆ."

"ನನ್ ಮೊಕದ ಮೇಲೆ ಹಾಕ್ಬೇಡಿ" ಎಂದಳು. ದನಿ ಏರಲಿಲ್ಲ. "ನಾಲ್ಕ್ ವರ್ಷದಿಂದ ಅದನ್ನೇ ಹೊತ್ಕೊಂಡಿದೀನಿ. ನನ್ ಬಾಯಿಂದ ಹೋಯ್ತು ಲಾರಿ ಅಂತ. ಮದ್ವೇಲಿ ನಾನು ಎದ್ದು ನಿಲ್ಲದೆ ಇದ್ದಿದ್ರೆ ನೀವು ಆವತ್ತೇ ಹೇಳ್ತಿದ್ರೇನೋ ಅಂತ. ಹೇಳಿ. ಹೇಳ್ತಿದ್ರಾ?"

ಲಿಂಗಪ್ಪನ್ ಚೊಂಬನ್ನು ಎತ್ತಿಕೊಂಡ, ಕುಡಿಯಲಿಲ್ಲ. ಹೌದು ಎಂದಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು, ಭಾರ ಅವಳ ತಲೆಯ ಮೇಲೆ ಇದ್ದಲ್ಲೇ ಇರುತ್ತಿತ್ತು. ಅವನು ಚೊಂಬನ್ನು ಕೆಳಗಿಟ್ಟು ಹೇಳಿದ:

"ಇಲ್ಲ. ನೀನು ಎದ್ದಿದ್ದು ಆಮೇಲೆ. ಅದಕ್ಕೆ ಮುಂಚೇನೇ... ಅಷ್ಟು ಜನದ ಮುಂದೆ ನನ್ ಹೆಸರು ಕೂಗಿದ್ರಲ್ಲಾ ಪಾಪಾತಿ. ಡ್ರೈವರ್ ಅನ್ಲಿಲ್ಲ. ಹೆಸರು ಕೂಗಿದ್ರು. ಕೇಳಕ್ಕೆ ಚೆನ್ನಾಗಿತ್ತು."

ಪಾಪಾತಿ ಜಗಲಿಯ ಮೇಲೆ ಅವನ ಪಕ್ಕದಲ್ಲಿ ಕೂತಳು. ಲಾರಿ ಹೋದ ದಿನ ಅಳದವಳು ಆಗ ಅತ್ತಳು. ಅವನು ಸಮಾಧಾನ ಮಾಡಲು ಹೋಗಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿದಾಗ ಅವಳು ಕಣ್ಣೊರೆಸಿಕೊಂಡು ಎದ್ದು, "ಲಿಂಗಪ್ಪಾ" ಎಂದು ಅವನ ಹೆಸರು ಹಿಡಿದು ಒಂದು ಸಲ ಕರೆದಳು, ನಮ್ಮ ಕಡೆಯ ಹೆಂಗಸರು ಯಾವತ್ತೂ ಕರೆಯದ ಹಾಗೆ. "ಒಳಗೆ ಬನ್ನಿ, ಉಣ್ಣೋಣ" ಎಂದು ಒಲೆಯ ಕಡೆ ಹೋದಳು.